ಇಂಕಿನಲ್ಲಿ ಬರೆದ ಬ್ರೈಲ್

೧೯೯೨ರಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ಸಂಪನ್ಮೂಲ ಶಿಕ್ಷಕಿಯಾಗಿದ್ದೆ. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳನ್ನು ದೂರದ ವಿಶೇಷ ಶಾಲೆಗಳಿಗೆ ಅಟ್ಟದೆ, ಊರಿನ ಶಾಲೆಯಲ್ಲೇ ಉಳಿದ ಮಕ್ಕಳ ಜೊತೆ ಓದಿಸಬೇಕು ಎಂದು ಸರ್ಕಾರ ಹೇಳತೊಡಗಿದ್ದ ಕಾಲ ಅದು. ಹಾಗೆ ಓದಿಸುವುದು ಹೇಗೆ ಎಂದು ಮೇಷ್ಟ್ರುಗಳಿಗೆ ಹೇಳಿಕೊಡುವುದು ನನ್ನ ಕೆಲಸ. ಕಣ್ಣಿನ ತೊಂದರೆಯ ಮಕ್ಕಳಿಗೆ ಕಲಿಸುವ ವಿಶೇಷ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ವಾರವೆಲ್ಲ ಬಸ್ಸಿನಲ್ಲಿ ಅಲೆಯುತ್ತಿದ್ದೆ. ಇಲಾಖೆ ನನಗೆ ಕೊಟ್ಟಿದ್ದು ಒಂದು ಕಬ್ಬಿಣದ ಬೀರು, ಅದರಲ್ಲಿ ಎರಡು ಬ್ರೈಲ್ ಸ್ಲೇಟು, ಕಣ್ಣು ಪರೀಕ್ಷೆಯ ಒಂದು ಚಾರ್ಟು, ಬ್ಯಾಟರಿ ಸತ್ತ ಒಂದಷ್ಟು ಶ್ರವಣ ಸಾಧನ.

ಶಾರದಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಲಾಖೆಯಲ್ಲಿ ಮಾತಿತ್ತು. ಸುಳ್ಳಲ್ಲ. ಆದರೆ ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಮಗುವಿನ ಮೇಲೂ ನನಗೆ ಕೋಪ ಬಂದದ್ದಿಲ್ಲ. ಮಕ್ಕಳನ್ನು ಉದ್ಧಾರ ಮಾಡುತ್ತೇವೆಂದು ವೇದಿಕೆ ಹತ್ತುತ್ತಿದ್ದವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಐದು ದಿನದ ತರಬೇತಿ ಶಿಬಿರ ಇಟ್ಟರು. ಅಂಗವಿಕಲ ಮಕ್ಕಳಿಗೆ ತರಗತಿಯಲ್ಲಿ ನೆರವಾಗುವುದು ಹೇಗೆ ಎಂಬುದು ವಿಷಯ. ಮೊದಲ ದಿನ ಉದ್ಘಾಟನೆಗೇ ಹೋಯಿತು. ದೀಪ ಹಚ್ಚಬೇಕಾದವರು ಬಂದಾಗ ಮಧ್ಯಾಹ್ನ. ‘ಇವರು ದೇವರ ಮಕ್ಕಳು’ ಎಂದು ಮೂರು ಸಲ ಹೇಳಿ, ಶಾಲು ಹೊದ್ದು, ಬೋಂಡ ತಿಂದು, ಜೀಪು ಹತ್ತಿದರು. ಎರಡನೆಯ ದಿನ ನಿವೃತ್ತ ಉಪನ್ಯಾಸಕರೊಬ್ಬರು ಅಂಗವೈಕಲ್ಯದ ವ್ಯಾಖ್ಯೆಗಳನ್ನು ಪುಸ್ತಕ ನೋಡಿಕೊಂಡು ಓದಿದರು, ಬರೆದುಕೊಳ್ಳಿ ಎಂದರು. ಮೇಷ್ಟ್ರುಗಳು ಬರೆದುಕೊಂಡರು. ತಾವು ಶಾಲೆಯಲ್ಲಿ ಮಕ್ಕಳಿಗೆ ಮಾಡುವುದೂ ಅದನ್ನೇ ಆದ್ದರಿಂದ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಮೂರನೆಯ ದಿನ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ವರಾಂಡದಲ್ಲಿ ನಡೆಯುವ ಆಟ. ಕಣ್ಣಿಲ್ಲದವರ ಕಷ್ಟ ಅರ್ಥವಾಗಲಿ ಎಂಬುದು ಉದ್ದೇಶವಂತೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ನಕ್ಕರು. ಒಬ್ಬರು ಮೇಡಂ ಕಂಬಕ್ಕೆ ಹಣೆ ತಾಗಿಸಿಕೊಂಡು ಅತ್ತರು. ಆಮೇಲೆ ಕರವಸ್ತ್ರ ಬಿಚ್ಚಿ, ‘ಅಯ್ಯೋ ಪಾಪ’ ಎನ್ನುತ್ತಾ ಟೀ ಕುಡಿಯಲು ಹೋದರು. ಅಯ್ಯೋ ಪಾಪ ಅನ್ನುವುದನ್ನು ಕಲಿಯಲು ಯಾರಿಗೂ ತರಬೇತಿ ಬೇಕಾಗಿಲ್ಲ. ಅದು ನಮ್ಮವರಿಗೆ ಹುಟ್ಟುತ್ತಲೇ ಬಂದಿರುತ್ತದೆ.

ಆ ದಿನ ಸಂಜೆ ನಾನು ಶಿಬಿರಾಧಿಕಾರಿಯ ಬಳಿ ಹೋದೆ. ಅವರ ಹೆಸರು ಬೇಡ. ಮಾತಿನಲ್ಲಿ ಬಲು ಮೃದು, ಹಣೆಯಲ್ಲಿ ಸದಾ ಕುಂಕುಮ, ಫೋಟೋ ತೆಗೆಯುವವನು ಎಲ್ಲಿದ್ದಾನೆ ಎಂಬುದು ಕತ್ತು ತಿರುಗಿಸದೆ ಗೊತ್ತಾಗುತ್ತಿದ್ದ ಮನುಷ್ಯ. ನಾಳೆ ಮೂರ್ನಾಲ್ಕು ಮಕ್ಕಳನ್ನು ಕರೆತರುತ್ತೇನೆ, ಮೇಷ್ಟ್ರುಗಳು ಅವರ ಜೊತೆ ಕೂತು ಮಾತಾಡಲಿ ಎಂದೆ.

“ಮಕ್ಕಳು ಬಂದ್ರೆ ಗಲಾಟೆ ಶಾರದಮ್ಮ, ಶಿಬಿರ ಕೆಟ್ಟುಹೋಗುತ್ತೆ” ಅಂದರು.

ಅಂಗವಿಕಲ ಮಕ್ಕಳ ಬಗೆಗಿನ ಶಿಬಿರ ಅಂಗವಿಕಲ ಮಕ್ಕಳು ಬಂದರೆ ಕೆಟ್ಟುಹೋಗುತ್ತದೆ. ಈ ಮಾತನ್ನು ಅವರು ನಗದೆ ಹೇಳಿದರು. ನಾನೂ ನಗಲಿಲ್ಲ.

ನಾಲ್ಕನೆಯ ದಿನದ ಎರಡು ಗಂಟೆ ನನ್ನ ಪಾಲಿಗೆ ಬಂತು, ಬ್ರೈಲ್ ಪರಿಚಯ ಮಾಡಿಕೊಡಲು. ಬ್ರೈಲ್ ಎಂದರೆ ಆರು ಉಬ್ಬು ಚುಕ್ಕಿಗಳ ಲಿಪಿ. ದಪ್ಪ ಕಾಗದವನ್ನು ಲೋಹದ ಸ್ಲೇಟಿಗೆ ಸಿಕ್ಕಿಸಿ, ಗಿಡ್ಡ ಮೊಳೆಯಂಥ ಸ್ಟೈಲಸ್ಸಿನಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು. ಕಾಗದ ಮಗುಚಿದರೆ ಚುಕ್ಕಿಗಳು ಉಬ್ಬಿಕೊಂಡು ಬೆರಳಿಗೆ ಸಿಗುತ್ತವೆ, ಎಡದಿಂದ ಬಲಕ್ಕೆ ಓದಬಹುದು. ಇದನ್ನು ಹೇಳುವ ಮೊದಲು ನಾನು ಇನ್ನೊಂದು ಮಾತು ಹೇಳಿದೆ, ಅದನ್ನೇ ಅರ್ಧ ಗಂಟೆ ಒತ್ತಿ ಒತ್ತಿ ಹೇಳಿದೆ. ಶಾಲೆಗಳು ಕುರುಡು ಎಂದು ಕರೆಯುವ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಅಷ್ಟೋ ಇಷ್ಟೋ ಕಾಣುತ್ತಿರುತ್ತದೆ. ಅದಕ್ಕೆ ಮಂದದೃಷ್ಟಿ ಎನ್ನುತ್ತೇವೆ. ಇರುವ ದೃಷ್ಟಿಯಲ್ಲಿ ಓದಬಲ್ಲ ಮಗುವಿಗೆ ಬ್ರೈಲ್ ಬೇಡ, ದಪ್ಪ ಕಪ್ಪು ಅಕ್ಷರ ಕೊಡಿ, ಹತ್ತಿರ ಕೂರಿಸಿ, ಬೋರ್ಡಿನ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿ.

ಕೇಳಿದವರು ಆಕಳಿಸಿದರು. ಮುಂದಿನ ಬೆಂಚಿನಲ್ಲಿ ಕೂರಿಸುವುದರಲ್ಲಿ ಏನು ಮಹಾ? ಬ್ರೈಲ್ ಸ್ಲೇಟು ಹೊರಗೆ ತೆಗೆದ ಕೂಡಲೇ ಎಲ್ಲರೂ ಎದ್ದು ಬಂದು ಮೇಜಿಗೆ ಮುತ್ತಿಕೊಂಡರು.

ಅವರಲ್ಲಿ ಎಲ್ಲರಿಗಿಂತ ಮುಂದಿದ್ದವರು ಶಿಡ್ಲಘಟ್ಟದ ಒಂದು ಹಿರಿಯ ಪ್ರಾಥಮಿಕ ಶಾಲೆಯ ನಂಜುಂಡಪ್ಪ ಮೇಷ್ಟ್ರು. ಐವತ್ತರ ಆಸುಪಾಸಿನವರು, ಚುರುಕು ಕೈ. ನಾನು ಕನ್ನಡ ಅಕ್ಷರಗಳ ಬ್ರೈಲ್ ಚಾರ್ಟು ತೂಗುಹಾಕಿದರೆ ಊಟದ ಹೊತ್ತಿಗೆ ಪೂರ್ತಿ ನಕಲು ಮಾಡಿಕೊಂಡಿದ್ದರು. ಒಂದು ಸ್ಲೇಟು ಬೇಕೆಂದರು. ಆಸಕ್ತಿಯ ಮನುಷ್ಯ ಎಂದು ಖುಷಿಯಿಂದಲೇ ಕೊಟ್ಟೆ.

ಕೊನೆಯ ದಿನ ಶಿಬಿರಾಧಿಕಾರಿಗಳು ಒಂದು ಅಪ್ಪಣೆ ಹೊರಡಿಸಿದರು. ಮೂರು ತಿಂಗಳ ಬಳಿಕ ಸಮಾರೋಪ ಸಮಾರಂಭ. ಆಗ ಪ್ರತಿ ತಾಲ್ಲೂಕಿನವರೂ ತಮ್ಮ ಸಾಧನೆಯನ್ನು ವೇದಿಕೆಯ ಮೇಲೆ ತೋರಿಸಬೇಕು. ನಮ್ಮ ಇಲಾಖೆಯಲ್ಲಿ ಇದೊಂದು ಹಳೆಯ ಪದ್ಧತಿ. ಇನ್‌ಸ್ಪೆಕ್ಟರು ಬರುವ ದಿನಕ್ಕೆಂದು ಒಂದು ಪಾಠವನ್ನು ವಾರಗಟ್ಟಲೆ ಉರುಹೊಡೆಸಿ ಇಟ್ಟುಕೊಂಡಿರುತ್ತಾರೆ, ಅವರು ಬಂದಾಗ ಅದನ್ನೇ ಬಿಚ್ಚುತ್ತಾರೆ. ಇನ್‌ಸ್ಪೆಕ್ಟರಿಗೂ ಅದು ಗೊತ್ತು, ಮಕ್ಕಳಿಗೂ ಗೊತ್ತು. ಅಪ್ಪಣೆ ಕೇಳಿದ ಮೇಲೆ ಮೇಷ್ಟ್ರುಗಳ ತಲೆಯಲ್ಲಿ ಉಳಿದದ್ದು ಒಂದೇ ಚಿಂತೆ, ಯಾವ ಮಗುವನ್ನು ತೋರಿಸುವುದು?

ಎರಡು ತಿಂಗಳ ಮೇಲೆ ನಾನು ಶಿಡ್ಲಘಟ್ಟಕ್ಕೆ ಹೋದೆ. ಬಸ್ಸು ಮೇಲೂರು ದಾಟುವಾಗಲೇ ಮಳೆ ಹಿಡಿದುಕೊಂಡಿತ್ತು, ಶಾಲೆ ಮುಟ್ಟುವಷ್ಟರಲ್ಲಿ ತೊಪ್ಪೆಯಾಗಿದ್ದೆ. ನಂಜುಂಡಪ್ಪ ಮೇಷ್ಟ್ರು ಬಾಗಿಲಲ್ಲೇ ಎದುರುಗೊಂಡರು.

“ಬನ್ನಿ ಮೇಡಂ, ನಿಮ್ಮ ಸ್ಲೇಟು ಏನ್ ಮಾಡಿದೆ ನೋಡಿ ಬನ್ನಿ.”

ಆರನೇ ತರಗತಿಯ ಕೊನೆಯಲ್ಲಿ, ಕಿಟಕಿಯ ಪಕ್ಕ, ಉಳಿದ ಮಕ್ಕಳಿಂದ ದೂರಕ್ಕೆ ಒಂದು ಚಾಪೆ ಹಾಸಿದ್ದರು. ಅದರ ಮೇಲೆ ಒಬ್ಬಳೇ ಕೂತಿದ್ದ ಹುಡುಗಿಯ ಹೆಸರು ಹಸೀನಾ. ಹನ್ನೊಂದು ಹನ್ನೆರಡು ವರ್ಷ ಇರಬೇಕು. ಮೇಷ್ಟ್ರು ತಾವೇ ಚುಚ್ಚಿದ ಬ್ರೈಲ್ ಹಾಳೆ ಕೊಟ್ಟು, “ಓದಮ್ಮ” ಅಂದರು. ಹುಡುಗಿ ತನ್ನ ದಪ್ಪ ಕನ್ನಡಕ ತೆಗೆದು ಲಂಗದ ಜೇಬಿಗೆ ಹಾಕಿಕೊಂಡಳು. ಹಾಳೆಯನ್ನು ಸ್ವಲ್ಪ ಓರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಗಡಗಡನೆ ಓದಿಬಿಟ್ಟಳು. ಇಡೀ ತರಗತಿ ಚಪ್ಪಾಳೆ ಹೊಡೆಯಿತು, ಅದೂ ಉರುಹೊಡೆಸಿದ ಚಪ್ಪಾಳೆ.

ನಾನು ಅವಳ ಬೆರಳು ನೋಡುತ್ತಿದ್ದೆ. ಬೆರಳಿನಿಂದ ಓದುವವರಿಗೆ ಮುಖ ಬಗ್ಗಿಸುವ ಅಗತ್ಯವಿಲ್ಲ. ತಲೆ ನೆಟ್ಟಗಿರುತ್ತದೆ, ಬೆರಳು ಹಗುರವಾಗಿ ಸಾಲಿನ ಉದ್ದಕ್ಕೂ ಹರಿಯುತ್ತದೆ. ಇವಳ ಬಾಯಿ ಮುಂದೆ ಹೋಗುತ್ತಿತ್ತು, ಬೆರಳು ಹಿಂದೆ ಉಳಿಯುತ್ತಿತ್ತು. ಹುಡುಗಿ ಬ್ರೈಲನ್ನು ಕಣ್ಣಿನಿಂದ ಓದುತ್ತಿದ್ದಳು.

ಮೇಷ್ಟ್ರನ್ನು ಹೊರಗೆ ಕರೆದು ಹೇಳಿದೆ. ಅವರು ಒಪ್ಪಲಿಲ್ಲ. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಕೊಟ್ಟ ಪ್ರಮಾಣಪತ್ರದಲ್ಲಿ ಅಂಧತ್ವ ಎಂದೇ ಇದೆ, ಡಾಕ್ಟರಿಗಿಂತ ನೀವು ಹೆಚ್ಚಾ ಎಂಬ ಧಾಟಿ. ಪ್ರಮಾಣಪತ್ರದಲ್ಲಿ ಆರರ ಮೇಲೆ ಅರವತ್ತು ಎಂದು ಬರೆದಿತ್ತು. ಸರಿಯಾದ ಕಣ್ಣಿನವರು ಅರವತ್ತು ಮೀಟರಿನಿಂದ ಓದುವ ಅಕ್ಷರವನ್ನು ಓದಲು ಈ ಮಗು ಆರು ಮೀಟರಿನಷ್ಟು ಹತ್ತಿರ ಬರಬೇಕು ಎಂದು ಅದರ ಅರ್ಥ. ಸವಲತ್ತಿನ ಲೆಕ್ಕದಲ್ಲಿ ಅದನ್ನು ಅಂಧತ್ವ ಎನ್ನುತ್ತಾರೆ, ಸರಿಯೇ. ಆದರೆ ಅದು ದೂರದ ದೃಷ್ಟಿಯ ಮಾತು. ಮೂಗಿನ ತುದಿಯಲ್ಲಿ ಹಿಡಿದ ಪುಸ್ತಕ ಕಾಣುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಹಸೀನಾಳದು ವಿಪರೀತ ಸಮೀಪದೃಷ್ಟಿ. ಕನ್ನಡಕ ಹಾಕಿದರೂ ಬೋರ್ಡು ಮಂಜು, ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದರೆ ಸಣ್ಣ ಚುಕ್ಕಿಯೂ ಸ್ಪಷ್ಟ.

“ಲೆಕ್ಕ, ಸಮಾಜ, ವಿಜ್ಞಾನ ಹೇಗೆ ಮಾಡ್ತಾಳೆ?” ಎಂದು ಕೇಳಿದೆ.

“ಅದೆಲ್ಲ ಬಿಡಿಸಿದೀನಿ ಮೇಡಂ. ಬ್ರೈಲ್‌ನಲ್ಲಿ ಲೆಕ್ಕ ನಂಗೂ ಬರಲ್ಲ. ಫಂಕ್ಷನ್ ತನಕ ಇದೊಂದೇ ಸಾಕು.”

ಎರಡು ತಿಂಗಳಿನಿಂದ ಆ ಮಗು ಒಂದು ಲೆಕ್ಕ ಮಾಡಿರಲಿಲ್ಲ. ಮೇಷ್ಟ್ರು ಚುಚ್ಚಿಕೊಟ್ಟ ಹಾಳೆಗಳನ್ನಷ್ಟೇ ದಿನಾ ಓದುತ್ತಿತ್ತು. ತರಬೇತಿ ಆಗುವ ಮೊದಲು ಪಕ್ಕದವಳ ನೋಟ್ಸು ನೋಡಿಕೊಂಡು ಹೇಗೋ ಪಾಸಾಗುತ್ತಿದ್ದವಳು, ತರಬೇತಿ ಆದ ಮೇಷ್ಟ್ರ ಕೈಗೆ ಸಿಕ್ಕಿ ಚಾಪೆಗೆ ಬಿದ್ದಿದ್ದಳು. ಇಂಥ ತರಬೇತಿಗೆ ಏನೆನ್ನಬೇಕು?

ಮೇಷ್ಟ್ರು ಇನ್ನೊಂದು ಸುದ್ದಿಯನ್ನೂ ಹೇಳಿದರು, ಶುಭಸಮಾಚಾರ ಹೇಳುವವರಂತೆ. ಶಿಬಿರಾಧಿಕಾರಿಗಳು ಬೆಂಗಳೂರಿನ ಒಂದು ಅಂಧರ ವಸತಿ ಶಾಲೆಯಲ್ಲಿ ಸೀಟು ಗೊತ್ತು ಮಾಡಿದ್ದಾರೆ. ಸಮಾರೋಪದ ದಿನ ಮುಖ್ಯ ಅತಿಥಿಗಳ ಕೈಯಿಂದಲೇ ಪ್ರವೇಶಪತ್ರ ಕೊಡಿಸುತ್ತಾರೆ. ಮಾರನೆಯ ದಿನ ಇಲ್ಲಿಂದ ಟಿ.ಸಿ.

ಸಂಜೆ ಹಸೀನಾಳ ಮನೆ ಹುಡುಕಿಕೊಂಡು ಹೋದೆ. ತಂದೆ ರಹಮತ್ ರೇಷ್ಮೆ ನೂಲು ತೆಗೆಯುವ ರೀಲರ್. ಮನೆಯ ಹಿಂಬದಿಯಲ್ಲೇ ಚರಕ, ಬಿಸಿನೀರಿನ ತೊಟ್ಟಿ, ಬೆಂದ ಹುಳುವಿನ ವಾಸನೆ. ತಂದೆ ಮಾರ್ಕೆಟ್ಟಿಗೆ ಹೋಗಿದ್ದರು. ತಾಯಿ ಜೈತೂನ್ ಬಿ ನನಗೆ ಮಣೆ ಹಾಕಿ ಕೂರಿಸಿದರು. ಹಸೀನಾ ರೇಷ್ಮೆಗೂಡಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಗೂಡನ್ನೂ ಮುಖದ ಹತ್ತಿರ ಹಿಡಿದು, ಕಲೆ ಬಿದ್ದದ್ದನ್ನು ಬೇರೆ ಹಾಕುತ್ತಿದ್ದಳು. ಅಂಧ ಬಾಲೆ!

ವಸತಿ ಶಾಲೆಯ ಮಾತೆತ್ತಿದೆ. ಜೈತೂನ್ ಬಿ ಮುಖ ಸಪ್ಪಗೆ ಮಾಡಿಕೊಂಡರು.

“ಅವ್ರ ಅಬ್ಬಾ ಒಪ್ಪಲ್ಲ ಅಮ್ಮಾ. ಹುಡುಗೀನ ಬೆಂಗ್ಳೂರು ಹಾಸ್ಟೆಲ್‌ನಾಗೆ ಬಿಡಲ್ಲ ಅಂತಾವ್ರೆ. ಇಲ್ಲಿ ಸ್ಕೂಲ್‌ನವ್ರು ಆಗಲ್ಲ ಅಂದ್ರೆ ಮನೇಲೇ ಇರ್ಲಿ ಅಂತಾರೆ, ಗೂಡು ಆರಿಸ್ಕೊಂಡು. ಇವ್ಳಿಗೆ ಓದೋದು ಅಂದ್ರೆ ಪ್ರಾಣ. ನಾನೇನ್ ಮಾಡ್ಲಿ ಹೇಳಿ.”

ಆಗ ನನಗೆ ಪೂರ್ತಿ ಅರ್ಥವಾಯಿತು. ವೇದಿಕೆಯ ಮೇಲೆ ಆ ಪತ್ರ ಕೈಗೆ ಬಂದರೆ ಅದು ಬೆಂಗಳೂರಿಗೆ ದಾರಿಯಲ್ಲ, ಇದೇ ಗೂಡಿನ ರಾಶಿಗೆ ದಾರಿ. ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತದೆ.

ಚೀಲದಿಂದ ಕಪ್ಪು ಸ್ಕೆಚ್ ಪೆನ್ನು ತೆಗೆದು ಒಂದು ಹಾಳೆಯ ಮೇಲೆ ಸ್ವಲ್ಪ ದೊಡ್ಡದಾಗಿ ನಾಲ್ಕು ಸಾಲು ಕನ್ನಡ ಬರೆದುಕೊಟ್ಟೆ. ಕನ್ನಡಕ ತೆಗೆದು, ಎಲ್ಲೂ ತಡವರಿಸದೆ ಓದಿದಳು. ಬ್ರೈಲ್ ಸುಲಭವೋ ಇದು ಸುಲಭವೋ ಎಂದು ಕೇಳಿದೆ.

“ಇದೇ ಮಿಸ್. ಅದು ಬಿಳಿ ಮೇಲೆ ಬಿಳಿ. ಸಾಯಂಕಾಲಕ್ಕೆ ಕಣ್ಣು ಉರೀತದೆ.”

ಮಾರನೆಯ ದಿನವೇ ಶಿಬಿರಾಧಿಕಾರಿಯ ಮುಂದೆ ನಿಂತೆ. ಹುಡುಗಿ ಕಪ್ಪು ಅಕ್ಷರ ಓದುತ್ತಾಳೆ, ಅಂಧರ ಶಾಲೆ ಬೇಡ, ಮನೆಯವರು ಓದು ಬಿಡಿಸುತ್ತಾರೆ ಎಂದು ಒಂದೊಂದಾಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಮೇಜಿನ ಡ್ರಾಯರಿನಿಂದ ಆಹ್ವಾನಪತ್ರಿಕೆ ತೆಗೆದು ನನ್ನ ಮುಂದಿಟ್ಟರು.

“ಪ್ರಿಂಟಾಗಿದೆ ನೋಡಿ ಶಾರದಮ್ಮ. ‘ಅಂಧ ಬಾಲೆಯಿಂದ ಬ್ರೈಲ್ ವಾಚನ’ ಅಂತ ಹಾಕ್ಸಿದೀವಿ. ಈಗ ಬಂದು ಕಾಣ್ಸುತ್ತೆ ಅಂದ್ರೆ ಹೆಂಗಮ್ಮ?”

“ಕಾಣ್ಸೋದು ನಿಜ ಸಾರ್.”

“ನಿಜಾನೇ ಇರ್ಲಿ. ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡಣ.”

ನಮ್ಮ ಕಚೇರಿಗಳಲ್ಲಿ ‘ಆಮೇಲೆ ನೋಡಣ’ ಅಂದರೆ ನೋಡುವುದಿಲ್ಲ ಎಂದು ಅರ್ಥ. ಆ ಅರ್ಥ ತಿಳಿಯುವಷ್ಟು ಸರ್ವೀಸು ನನಗಾಗಿತ್ತು.

ಸಮಾರೋಪಕ್ಕೆ ಎರಡು ದಿನ ಮುಂಚೆ ಮತ್ತೆ ಶಿಡ್ಲಘಟ್ಟಕ್ಕೆ ಹೋಗಿ ತಾಯಿ ಮಗಳ ಮುಂದೆ ಕೂತೆ. ನಾನು ಮಾಡಬೇಕೆಂದಿದ್ದನ್ನು ಹೇಳಿದೆ. ವೇದಿಕೆಯ ಮೇಲೆ ನನ್ನದೂ ಒಂದು ಹಾಳೆ ಕೊಡುತ್ತೇನೆ, ಓದುತ್ತೀಯಾ ಎಂದು ಕೇಳಿದೆ. ಹಸೀನಾ ತಾಯಿಯ ಮುಖ ನೋಡಿದಳು. ತಾಯಿ ಹೂಂ ಅಂದ ಮೇಲೆ, “ಓದ್ತೀನಿ ಮಿಸ್” ಅಂದಳು.

ಸಮಾರಂಭ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ. ಗೋಡೆ ತುಂಬ ಥರ್ಮೋಕೋಲಿನ ಅಕ್ಷರ, ಡ್ರಾಯಿಂಗ್ ಹಾಳೆಯ ಚಾರ್ಟು. ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಗೌರಿಬಿದನೂರಿನವರು ಒಬ್ಬ ಪೋಲಿಯೋ ಹುಡುಗನನ್ನು ಎತ್ತಿಕೊಂಡು ಬಂದು ಅವನಿಂದ ಭಾವಗೀತೆ ಹಾಡಿಸಿದರು. ಅವನು ಮೊದಲೂ ಹಾಡುತ್ತಿದ್ದನಂತೆ. ಅದರಲ್ಲಿ ತರಬೇತಿಯ ಪಾಲು ಏನೆಂದು ಯಾರೂ ಕೇಳಲಿಲ್ಲ. ಅವನ ಶಾಲೆಯ ಬಾಗಿಲಿನ ಮೂರು ಮೆಟ್ಟಿಲು ಹಾಗೆಯೇ ಇದ್ದವು, ಇಳಿಜಾರು ಮಾಡಿಸಿ ಎಂದು ನಾನು ಹೇಳಿ ಹೇಳಿ ಸೋತಿದ್ದೆ.

ಆಮೇಲೆ ಹಸೀನಾಳ ಸರದಿ. ನಂಜುಂಡಪ್ಪ ಮೇಷ್ಟ್ರು ಅವಳ ಭುಜ ಹಿಡಿದುಕೊಂಡು, ಎಲ್ಲಿ ಬೀಳುತ್ತಾಳೋ ಎಂಬಂತೆ, ವೇದಿಕೆಗೆ ನಡೆಸಿಕೊಂಡು ಬಂದರು. ಹುಡುಗಿ ದಿನಾ ಶಿಡ್ಲಘಟ್ಟದ ಸಂದಿಗಳಲ್ಲಿ ಒಬ್ಬಳೇ ಓಡಾಡುವವಳು. ಶಿಬಿರಾಧಿಕಾರಿ ಮುಂದೆ ಬಂದು ಅವಳ ಕನ್ನಡಕ ತೆಗೆಸಿ, ತಮ್ಮ ಜೇಬಿನಿಂದ ಹೊಚ್ಚಹೊಸ ಕರಿ ಗಾಗಲ್ಸ್ ತೆಗೆದು ಹಾಕಿದರು. ಕನ್ನಡಕದಲ್ಲಿ ಫೋಟೋ ತೆಗೆದರೆ ಕುರುಡಿಯಂತೆ ಕಾಣುವುದಿಲ್ಲವಲ್ಲ!

ಮೇಷ್ಟ್ರು ಆ ದಿನಕ್ಕೆಂದೇ ಹೊಸದಾಗಿ ಚುಚ್ಚಿದ ಬ್ರೈಲ್ ಹಾಳೆ ಕೊಟ್ಟರು. ಹಸೀನಾ ಬಗ್ಗಿದಳು, ಬೆರಳಾಡಿಸಿದಳು. ಒಂದಕ್ಷರವೂ ಬರಲಿಲ್ಲ. ಕರಿ ಗಾಜಿನ ಹಿಂದೆ ಚುಕ್ಕಿ ಹೇಗೆ ಕಾಣಬೇಕು? ಸಭೆಯಲ್ಲಿ ‘ಚ್ಚು ಚ್ಚು’ ಎಂದು ಲೊಚಗುಟ್ಟಿದರು. ಹುಡುಗಿ ಇನ್ನೊಂದು ಸ್ವಲ್ಪ ತಡಕಾಡಿ, ಬೇಸತ್ತು, ಗಾಗಲ್ಸನ್ನು ಹಣೆಯ ಮೇಲಕ್ಕೆ ಏರಿಸಿ, ಹಾಳೆಯನ್ನು ಲೈಟಿನ ಕಡೆ ಓರೆ ಮಾಡಿಕೊಂಡು ಸರಾಗವಾಗಿ ಓದಿದಳು.

ಮಂಟಪ ಚಪ್ಪಾಳೆಯಿಂದ ನಡುಗಿತು. ನಾನು ಸುತ್ತ ನೋಡಿದೆ. ಕುರುಡಿ ಎಂದು ಕರೆತಂದ ಹುಡುಗಿ ಕರಿ ಕನ್ನಡಕ ಹಾಕಿದರೆ ಓದಲಾರದೆ, ತೆಗೆದರೆ ಓದಿದ್ದಾಳೆ. ಐದು ದಿನ ತರಬೇತಿ ಪಡೆದವರು, ಕೊಟ್ಟವರು, ಕೊಡಿಸಿದವರು ಎಲ್ಲರೂ ಅದನ್ನು ಕಣ್ಣಾರೆ ಕಂಡು ಚಪ್ಪಾಳೆ ಹೊಡೆಯುತ್ತಿದ್ದಾರೆ. ಒಬ್ಬನಿಗೂ, ಒಬ್ಬಳಿಗೂ ಏನೂ ಅನ್ನಿಸಿಲ್ಲ. ನಂಜುಂಡಪ್ಪ ಮೇಷ್ಟ್ರು ಮಾತ್ರ ಚಪ್ಪಾಳೆ ಹೊಡೆಯದೆ ನಿಂತಿದ್ದರು. ಉಳಿದವರನ್ನು ನೋಡಿ ನನಗೆ ಹೇಸಿಗೆಯಾಯಿತು. ಎದ್ದು ವೇದಿಕೆ ಹತ್ತಿದೆ.

“ಸಾರ್, ಇನ್ನೊಂದು ಹಾಳೆ ಓದಿಸ್ತೀನಿ” ಎಂದು ಮುಖ್ಯ ಅತಿಥಿಗಳಿಗೆ ಹೇಳಿದೆ. ಅವರು ನಕ್ಕು ತಲೆಯಾಡಿಸಿದರು. ಶಿಬಿರಾಧಿಕಾರಿ ಏನೋ ಹೇಳಲು ಬಾಯಿ ತೆರೆದರು, ಮುಖ್ಯ ಅತಿಥಿಗಳು ನಕ್ಕಿದ್ದು ನೋಡಿ ತಾವೂ ನಕ್ಕರು.

ಹಾಳೆಯನ್ನು ಹಸೀನಾಳ ಕೈಗಿಟ್ಟೆ. ಅವಳು ಅಭ್ಯಾಸ ಬಲದಿಂದ ಅದರ ಮೇಲೂ ಬೆರಳಿಟ್ಟು, ಬಗ್ಗಿ, ಗಟ್ಟಿಯಾಗಿ ಓದಿದಳು. “ನನ್ನ ಹೆಸರು ಹಸೀನಾ. ನಾನು ಶಿಡ್ಲಘಟ್ಟದಲ್ಲೇ ಓದಬೇಕು.”

ಮತ್ತೆ ಚಪ್ಪಾಳೆ. ನಾನು ಆ ಹಾಳೆ ತೆಗೆದುಕೊಂಡು ಮುಖ್ಯ ಅತಿಥಿಗಳಿಗೆ ಕೊಟ್ಟೆ.

“ಕಣ್ಣು ಮುಚ್ಕೊಂಡು ಮುಟ್ಟಿ ನೋಡಿ ಸಾರ್.”

ಅವರು ಕಣ್ಣು ಮುಚ್ಚಿ ಕಾಗದ ಸವರಿದರು. ಮಗುಚಿ ಸವರಿದರು. “ಏನೂ ಸಿಗ್ತಿಲ್ವಲ್ಲಮ್ಮ, ನುಣ್ಣಗಿದೆ.”

“ಸಿಗಲ್ಲ ಸಾರ್. ಅವು ಉಬ್ಬು ಚುಕ್ಕಿ ಅಲ್ಲ. ಕಪ್ಪು ಇಂಕಿನಲ್ಲಿ ನಾನು ಇಟ್ಟಿರೋ ಚುಕ್ಕಿ. ಈ ಮಗುವಿಗೆ ಕಣ್ಣು ಕಾಣ್ಸುತ್ತೆ. ಇವಳಿಗೆ ಬೇಕಾಗಿರೋದು ಮುಂದಿನ ಬೆಂಚು, ಕಪ್ಪು ಅಕ್ಷರ, ಬೋರ್ಡಿನ ಮೇಲೆ ಬರೆದದ್ದನ್ನ ಬಾಯಲ್ಲಿ ಹೇಳೋ ಮೇಷ್ಟ್ರು. ನೀವು ಕೊಡ್ತಿರೋದು ಅಂಧರ ಶಾಲೆ ಪತ್ರ.”

ಮೈಕು ಹತ್ತಿರದಲ್ಲೇ ಇದ್ದುದರಿಂದ ಮಾತು ಮಂಟಪದ ಕೊನೆಯವರೆಗೂ ಕೇಳಿತು. ಶಿಬಿರಾಧಿಕಾರಿಯ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಇಂಥವರು ಬೇಗ ಸುಧಾರಿಸಿಕೊಳ್ಳುತ್ತಾರೆ. ತಪ್ಪು ಯಾರ ತಲೆಗೆ ಕಟ್ಟಬಹುದು ಎಂದು ಅವರಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಅವರು ಹುಡುಗಿಯ ಕಡೆ ತಿರುಗಿದರು.

“ಅಂದ್ರೆ ಇಷ್ಟು ದಿನ ನಮಗೆಲ್ಲ ಟೋಪಿ ಹಾಕಿದ್ಯೇನಮ್ಮ ನೀನು?”

ಹಸೀನಾ ಹೆದರಿದಳು. ಹಣೆಯ ಮೇಲಿದ್ದ ಗಾಗಲ್ಸ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ನಾನು ಬಾಯಿ ಹಾಕುವಷ್ಟರಲ್ಲಿ ಅವಳೇ ಹೇಳಿದಳು.

“ನಮ್ ಸಾರ್ ಮುಟ್ಟಿ ಓದು ಅಂದ್ರು. ಕಾಣ್ತಿತ್ತು, ಓದ್ದೆ. ಕಾಣ್ತದಾ ಅಂತ ನನ್ನ ಯಾರೂ ಕೇಳ್ಲಿಲ್ಲ.”

ನನ್ನ ಕಣ್ಣು ತುಂಬಿ ಬಂತು, ಅದನ್ನು ಅಲ್ಲಿ ಯಾರಿಗೂ ತೋರಿಸಲು ಇಷ್ಟವಿಲ್ಲದೆ ಗೋಡೆಯ ಚಾರ್ಟು ನೋಡುತ್ತಾ ನಿಂತೆ. ‘ಪ್ರತಿ ಮಗುವೂ ವಿಶ್ವಾಸದ ದೀಪ’ ಎಂದು ಅದರಲ್ಲಿ ಬರೆದಿತ್ತು.

ಮುಖ್ಯ ಅತಿಥಿಗಳು ಕೆಟ್ಟ ಮನುಷ್ಯರೇನಲ್ಲ. ಊಟದ ಹೊತ್ತೂ ಆಗಿತ್ತು. ಹಾಳೆಯನ್ನು ಮಡಿಸಿ ನನಗೆ ವಾಪಸು ಕೊಟ್ಟು, “ಮಗು ಇಲ್ಲೇ ಓದ್ಲಿ. ಏನ್ ಬೇಕೋ ಮೇಡಂ ಹೇಳಿದ ಹಾಗೆ ಮಾಡಿ” ಎಂದು ಎಲ್ಲರೆದುರಿಗೇ ಹೇಳಿದರು. ಪ್ರವೇಶಪತ್ರ ಶಿಬಿರಾಧಿಕಾರಿಯ ಫೈಲಿನಲ್ಲೇ ಉಳಿಯಿತು. ಕೆಳಗೆ ಇಳಿದಾಗ ಹಸೀನಾಳ ತಂದೆ ರಹಮತ್ ಬಾಗಿಲ ಬಳಿ ಕಾದಿದ್ದರು. “ಹಂಗಾದ್ರೆ ಸೋಮ್ವಾರ ಇದೇ ಸ್ಕೂಲಿಗೆ ಕಳಿಸ್ಬೋದಾ ಮೇಡಂ?” ಎಂದು ಕೇಳಿದರು. ಕಳಿಸಿ ಎಂದೆ. ಮಗಳ ಕನ್ನಡಕ ಇನ್ನೂ ವೇದಿಕೆಯ ಮೇಜಿನ ಮೇಲೇ ಇತ್ತು. ಅದನ್ನು ತರಲು ಅವರೇ ಹೋದರು.

ಸೋಮವಾರ ನಾನೂ ಶಿಡ್ಲಘಟ್ಟಕ್ಕೆ ಹೋದೆ. ಚಾಪೆ ಸುತ್ತಿ ಮೂಲೆಗೆ ಇಡಿಸಿದೆ. ನಂಜುಂಡಪ್ಪ ಮೇಷ್ಟ್ರು ಒಂದು ವಾರ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಆ ಮನುಷ್ಯನಿಗೆ ನಾಚಿಕೆ ಎನ್ನುವುದು ಇತ್ತು, ಅದು ನಮ್ಮಲ್ಲಿ ಅಪರೂಪ. ಬೋರ್ಡಿನ ಮೇಲೆ ಬರೆಯುತ್ತಾ ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳಲು ಶುರು ಮಾಡಿದರು. ಅದರಿಂದ ಹಿಂದಿನ ಬೆಂಚಿನ ಇನ್ನೂ ಮೂರ್ನಾಲ್ಕು ಮಕ್ಕಳು ನೋಟ್ಸು ಸರಿಯಾಗಿ ಬರೆಯತೊಡಗಿದರು ಎಂದು ಒಂದು ದಿನ ತಾವಾಗಿಯೇ ಬಂದು ಹೇಳಿದರು. ಬಿಟ್ಟುಹೋದ ಲೆಕ್ಕವನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು.

ಇಲಾಖೆ ಸುಧಾರಿಸಿತೇ ಎಂದು ಕೇಳಬೇಡಿ. ಮುಂದಿನ ವರ್ಷ ನಂಜುಂಡಪ್ಪ ಮೇಷ್ಟ್ರಿಗೆ ತಾಲ್ಲೂಕಿನ ಉತ್ತಮ ಶಿಕ್ಷಕ ಎಂದು ಸನ್ಮಾನ ಮಾಡಿದರು. ಅಂಧ ಬಾಲೆಗೆ ಬ್ರೈಲ್ ಕಲಿಸಿ ಬೆಳಕು ನೀಡಿದ್ದಕ್ಕೆಂದು ಸನ್ಮಾನಪತ್ರದಲ್ಲಿತ್ತು. ಮೇಷ್ಟ್ರೇ ಮುಜುಗರಪಟ್ಟು ತಲೆ ತಗ್ಗಿಸಿದರು. ಶಿಬಿರಾಧಿಕಾರಿಗೆ ಬಡ್ತಿ ಸಿಕ್ಕಿತು. ಶಿಬಿರಗಳಲ್ಲಿ ಕರವಸ್ತ್ರದ ಆಟ ನಾನು ನಿವೃತ್ತಳಾಗುವವರೆಗೂ ನಡೆಯುತ್ತಲೇ ಇತ್ತು, ಈಗಲೂ ನಡೆಯುತ್ತಿರಬೇಕು. ನನ್ನ ಕೈಯಲ್ಲಿದ್ದದ್ದು ನನ್ನ ಎರಡು ಗಂಟೆ ಮಾತ್ರ. ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಮುಂದೆ ನಾನು ತೆಗೆದುಕೊಂಡ ತರಗತಿಗಳಿಗೆಲ್ಲ ಮಕ್ಕಳನ್ನು ಕರೆದುಕೊಂಡೇ ಹೋದೆ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಷ್ಟ್ರುಗಳಿಗೆ ಒಂದೇ ಕೆಲಸ ಕೊಡುತ್ತಿದ್ದೆ. ನಿನಗೆ ಏನು ಕಾಣುತ್ತೆ, ಎಲ್ಲಿ ಕೂತರೆ ಕೇಳುತ್ತೆ, ನಾನು ಏನು ಮಾಡಲಿ ಎಂದು ಮಗುವನ್ನು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಸುಮ್ಮನಿರುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

೧೯೯೭ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ನನ್ನನ್ನು ಶಿಡ್ಲಘಟ್ಟದ ಒಂದು ಕೇಂದ್ರಕ್ಕೆ ಹಾಕಿದ್ದರು. ಗಣಿತದ ದಿನ ವರಾಂಡದಲ್ಲಿ ಹೋಗುತ್ತಿದ್ದೆ. ಒಂದು ಕೋಣೆಯಲ್ಲಿ ಮೇಲ್ವಿಚಾರಕರು, ಎಲ್ಲಿಂದಲೋ ಬಂದ ಹೊಸಬರು, ಜೋರು ಮಾಡುತ್ತಿದ್ದರು. “ಏಯ್, ಏನಮ್ಮ ಅದು, ಪೇಪರ್ ಒಳಗೆ ಮುಖ ಇಟ್ಕೊಂಡಿದೀಯಾ? ತಲೆ ಎತ್ತಿ ಬರಿ!” ಇಣುಕಿ ನೋಡಿದೆ. ಹಸೀನಾ. ನಾನು ಒಳಗೆ ನುಗ್ಗಲು ಹೊಸ್ತಿಲ ಮೇಲೆ ಕಾಲಿಟ್ಟೆ.

ನನ್ನ ಅಗತ್ಯ ಬೀಳಲಿಲ್ಲ. ಅವಳು ಎದ್ದು ನಿಂತಳು, ಕನ್ನಡಕ ಕೈಯಲ್ಲಿತ್ತು.

“ಸಾರ್, ನಂಗೆ ಹಿಂಗೆ ಹಿಡ್ಕೊಂಡ್ರೇ ಕಾಣೋದು. ಬೋರ್ಡ್ ಮೇಲೆ ಏನೋ ಬರೆದ್ರಲ್ಲ, ಅದನ್ನ ಬಾಯಲ್ಲೂ ಹೇಳ್ಬಿಡಿ. ನಂಗೆ ಅಲ್ಲಿಗೆ ಕಾಣಲ್ಲ.”

ಐದು ದಿನ ದೀಪ ಹಚ್ಚಿ, ಶಾಲು ಹೊದಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಾವು ಕೊಡಲಾಗದ ತರಬೇತಿಯನ್ನು ಅವಳು ಎದ್ದು ನಿಂತು ಕೂರುವುದರೊಳಗೆ ಕೊಟ್ಟಿದ್ದಳು. ಯಾರಾದರೂ ಕೇಳಲಿ ಎಂದು ಕಾಯುವುದನ್ನು ಅವಳು ಬಿಟ್ಟಿದ್ದಳು. ನನ್ನ ಕೆಲಸ ನನಗೆ ಕಲಿಸಿದ ಪಾಠವೂ ಅಷ್ಟೇ. ಮಗುವನ್ನು ಕೇಳುವ ಮೇಷ್ಟ್ರನ್ನು ತಯಾರು ಮಾಡಿ. ಅಂಥವರು ಸಿಗುವುದು ಕಷ್ಟ, ಆದ್ದರಿಂದ ತಾನಾಗಿಯೇ ಹೇಳುವ ಮಗುವನ್ನೂ ತಯಾರು ಮಾಡಿ.

ಮೇಲ್ವಿಚಾರಕರು ಬೋರ್ಡಿನ ಕಡೆ ತಿರುಗಿ, ಮೂರನೇ ಪ್ರಶ್ನೆಯ ತಿದ್ದುಪಡಿಯನ್ನು ಗಟ್ಟಿಯಾಗಿ ಓದಿದರು.